ಹೊಸ ಸಸಿ ನೆಡದ ಕಾರಿನ ತೋಟ

ತಿಪಟೂರಿನ ಕೊಬ್ಬರಿ ಮಂಡಿಯ ಸಾಹುಕಾರರಿಗೂ, ಮಾಯಸಂದ್ರ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮದುವೆ ದಿಬ್ಬಣಗಳಿಗೂ ಒಂದು ಕಾಲಕ್ಕೆ ಕಾರು ಎಂದರೆ ಅಂಬಾಸಿಡರ್. ಅದನ್ನು ಅಪ್ಪಟ ದೇಸಿ ಗಾಡಿ ಎಂದೇ ಹೆಚ್ಚಿನವರು ನಂಬಿದ್ದರು. ಆದರೆ ಅದರ ಹುಟ್ಟೂರು ಇಂಗ್ಲೆಂಡಿನ ಆಕ್ಸ್‌ಫರ್ಡ್ ಪಕ್ಕದ ಕೌಲಿ, ಮೂಲ ಹೆಸರು ಮಾರಿಸ್ ಆಕ್ಸ್‌ಫರ್ಡ್. 1956ರಲ್ಲಿ ಹೊರಬಂದ ಆ ಮಾದರಿಯನ್ನು ಅಲ್ಲಿಯವರು ಮೂರೇ ವರ್ಷಕ್ಕೆ ಕೈಬಿಟ್ಟರು. ನಾವು ಅದನ್ನೇ ಕೋಲ್ಕತ್ತ ಬಳಿಯ ಉತ್ತರಪಾರಾದಲ್ಲಿ 2014ರ ಮೇ ತಿಂಗಳವರೆಗೂ ತಯಾರಿಸಿದೆವು. ಬೆಂಗಳೂರಿನ ಸಿಪಾನಿ ಎಂಬ ಕಾರು ಕಂಪನಿಯ ಕಥೆಯೂ ಇದೇ ಜಾತಿಯದು. ಬ್ರಿಟನ್ನಿನ ಕಾರು ಉದ್ಯಮ ಏಕೆ ಬಿತ್ತು ಎಂಬುದಕ್ಕೂ ಬೆಂಗಳೂರಿನ ಆ ಕಾರು ಏಕೆ ಉಳಿಯಲಿಲ್ಲ ಎಂಬುದಕ್ಕೂ ನನ್ನ ಪ್ರಕಾರ ಉತ್ತರ ಒಂದೇ: ವ್ಯಾಪಾರ ಚೆನ್ನಾಗಿದ್ದಾಗ ಮುಂದಿನ ಮಾದರಿಗೆ ಹಣ ಎತ್ತಿಡಲಿಲ್ಲ.

1950ರಲ್ಲಿ ಜಗತ್ತಿನಲ್ಲಿ ರಫ್ತಾಗುತ್ತಿದ್ದ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬ್ರಿಟನ್ನಿನವೇ ಆಗಿದ್ದವು. ಅದು ಬರೀ ಕುಶಲತೆಯ ಗೆಲುವಲ್ಲ. ಜರ್ಮನಿ, ಜಪಾನ್‌ಗಳ ಕಾರ್ಖಾನೆಗಳು ಯುದ್ಧದಲ್ಲಿ ನೆಲಕಚ್ಚಿದ್ದವು, ಹೊರದೇಶಕ್ಕೆ ಮಾರುವವರಿಗೇ ಬ್ರಿಟಿಷ್ ಸರ್ಕಾರ ಉಕ್ಕು ಕೊಡುತ್ತಿತ್ತು. ಪೈಪೋಟಿಯೇ ಇಲ್ಲದ ಆ ಸುಗ್ಗಿಯಲ್ಲಿ ಏನು ತಯಾರಿಸಿದರೂ ಖರ್ಚಾಗುತ್ತಿತ್ತು. ಅಲ್ಲಿ ಪ್ರತಿಭೆಗೆ ಬರವಿತ್ತು ಎಂದು ಮಾತ್ರ ಯಾರೂ ಹೇಳಲಾರರು. 1959ರಲ್ಲಿ ಅಲೆಕ್ ಇಸಿಗೊನಿಸ್ ರೂಪಿಸಿದ ಮಿನಿ ಕಾರನ್ನೇ ನೋಡಿ. ಎಂಜಿನನ್ನು ಅಡ್ಡಲಾಗಿ ಕೂರಿಸಿ, ಗೇರ್‌ಗಳನ್ನು ಅದರ ಬುಡದಲ್ಲೇ ಅಡಗಿಸಿ, ಮುಂದಿನ ಚಕ್ರಗಳಿಗೆ ಶಕ್ತಿ ಕೊಟ್ಟು, ಹತ್ತು ಅಡಿ ಉದ್ದದ ಗಾಡಿಯಲ್ಲಿ ನಾಲ್ಕು ಜನ ಕೂರುವಂತೆ ಮಾಡಿದ. ಇಂದಿನ ಬಹುತೇಕ ಸಣ್ಣ ಕಾರುಗಳ ಎಂಜಿನ್ ಅಡ್ಡಲಾಗಿಯೇ ಇರುತ್ತದೆ. ಫೋರ್ಡ್ ಕಂಪನಿಯವರು ಒಂದು ಮಿನಿಯನ್ನು ಕೊಂಡು, ನಟ್ಟು ಬೋಲ್ಟು ಬಿಡದೆ ಬಿಚ್ಚಿ ಲೆಕ್ಕ ಹಾಕಿದರು. ಆಗ ಗೊತ್ತಾದದ್ದು, ಮಾರಿದ ಪ್ರತಿ ಮಿನಿಯ ಮೇಲೂ ತಯಾರಕರಿಗೆ ಸುಮಾರು 30 ಪೌಂಡ್ ಕೈಬಿಡುತ್ತಿದೆ ಎಂದು. ಲೋಕವೇ ಮೆಚ್ಚಿದ ಕಾರಿನಿಂದ ಮುಂದಿನ ಕಾರಿಗೆ ಬೇಕಾದ ಬಂಡವಾಳ ಹುಟ್ಟಲೇ ಇಲ್ಲ.

1968ರಲ್ಲಿ ಆಸ್ಟಿನ್, ಮಾರಿಸ್, ರೋವರ್, ಜಾಗ್ವಾರ್, ಟ್ರಯಂಫ್ ಎಲ್ಲ ಒಂದೇ ಸೂರಿನಡಿ ಬಂದು ಬ್ರಿಟಿಷ್ ಲೇಲ್ಯಾಂಡ್ ಆಯಿತು. ಮುಂದೆ 1971ರಲ್ಲಿ ಹೊಸದೆಂದು ಬಂದ ಮಾರಿಸ್ ಮರೀನಾದ ಮುಂಭಾಗದ ಸಸ್ಪೆನ್ಷನ್ 1948ರ ಮಾರಿಸ್ ಮೈನರ್‌ನಿಂದ ಬಂದದ್ದು. 1951ರಲ್ಲಿ ಹುಟ್ಟಿದ ಎ-ಸೀರೀಸ್ ಎಂಜಿನ್ ತಿದ್ದುಪಡಿಗಳೊಂದಿಗೆ 2000ದವರೆಗೂ ತಯಾರಾಗುತ್ತಲೇ ಇತ್ತು. ಕಂಪನಿ ದಿವಾಳಿಯ ಅಂಚಿಗೆ ಬಂದು 1975ರಲ್ಲಿ ಸರ್ಕಾರದ ಪಾಲಾದಾಗ ಪರಿಶೀಲನೆಗೆ ಕೂತ ರೈಡರ್ ಸಮಿತಿಗೆ ಸಿಕ್ಕ ಲೆಕ್ಕವಂತೂ ಎಲ್ಲವನ್ನೂ ಹೇಳಿಬಿಡುತ್ತದೆ. ಹುಟ್ಟಿದಂದಿನಿಂದ ಕಂಪನಿ ಗಳಿಸಿದ್ದ ಸುಮಾರು 7.4 ಕೋಟಿ ಪೌಂಡ್ ಲಾಭದಲ್ಲಿ 7 ಕೋಟಿಯಷ್ಟು ಷೇರುದಾರರಿಗೆ ಹಂಚಿಹೋಗಿತ್ತು! ತೆಂಗಿನ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮರಗಳು ಚೆನ್ನಾಗಿ ಕಾಯಿ ಬಿಡುತ್ತಿರುವಾಗಲೇ ನಡುನಡುವೆ ಸಸಿ ಕೂರಿಸದಿದ್ದರೆ ಇಡೀ ತೋಟ ಒಟ್ಟಿಗೇ ಮುದಿಯಾಗುತ್ತದೆ. ಆಮೇಲೆ ನೆಟ್ಟ ಸಸಿ ಫಲಕ್ಕೆ ಬರುವತನಕ ಕೈಯಲ್ಲಿ ಕಾಸಿರುವುದಿಲ್ಲ.

ಇದಕ್ಕೆ ಎದುರಾಗಿ ಹೇಳುವ ಮಾತು ಎಲ್ಲರಿಗೂ ಗೊತ್ತಿರುವುದೇ: ಉದ್ಯಮವನ್ನು ಕೆಡಿಸಿದ್ದು ಕಾರ್ಮಿಕ ಸಂಘಗಳು, ದಿನಬೆಳಗಾದರೆ ಮುಷ್ಕರ ಎಂದು. ಮುಷ್ಕರಗಳು ನಡೆದದ್ದು ನಿಜ, ಬರ್ಮಿಂಗ್‌ಹ್ಯಾಮಿನ ಲಾಂಗ್‌ಬ್ರಿಡ್ಜ್ ಕಾರ್ಖಾನೆ ಎಪ್ಪತ್ತರ ದಶಕದಲ್ಲಿ ಅದಕ್ಕೇ ಹೆಸರಾಗಿತ್ತು. ಕೆಲಸ ನಿಂತ ದಿನಗಳ ನಷ್ಟವನ್ನು ಹಗುರವಾಗಿ ಕಾಣಬೇಕಿಲ್ಲ. ಆದರೆ 1986ರಲ್ಲಿ ಜಪಾನಿನ ನಿಸ್ಸಾನ್ ಕಂಪನಿ ಇಂಗ್ಲೆಂಡಿನ ಸಂಡರ್‌ಲ್ಯಾಂಡಿನಲ್ಲಿ ಕಾರು ತಯಾರಿಸತೊಡಗಿತು. ಕಾರ್ಖಾನೆಯಲ್ಲಿ ಒಂದೇ ಸಂಘ ಇರಬೇಕೆಂದು ಮೊದಲೇ ಒಪ್ಪಂದವಾಗಿತ್ತು ಎಂಬುದನ್ನು ಮರೆಯಬಾರದು. ಆದರೂ ಅಲ್ಲಿ ದುಡಿದವರು ಅದೇ ಸೀಮೆಯ ಬ್ರಿಟಿಷ್ ಕಾರ್ಮಿಕರೇ. ಮುಂದೆ ಅದು ಆ ದೇಶದ ಅತಿ ದೊಡ್ಡ ಕಾರು ಕಾರ್ಖಾನೆಯಾಗಿ ಬೆಳೆಯಿತು. ಕೈಗಳು ಅವೇ, ಬೇರೆಯಾದದ್ದು ಯಂತ್ರ, ಮಾದರಿ ಮತ್ತು ಆಡಳಿತ. 1972ರಲ್ಲಿ 19 ಲಕ್ಷ ದಾಟಿದ್ದ ಬ್ರಿಟನ್ನಿನ ಕಾರು ಉತ್ಪಾದನೆ ಹತ್ತೇ ವರ್ಷದಲ್ಲಿ ಅರ್ಧಕ್ಕೂ ಕೆಳಗಿಳಿದದ್ದಕ್ಕೆ ಕಾರ್ಮಿಕರೊಬ್ಬರನ್ನೇ ಹೊಣೆ ಮಾಡುವುದು ನ್ಯಾಯವಲ್ಲ.

ಈಗ ಬೆಂಗಳೂರಿಗೆ ಬರೋಣ. ಕಾರು ಕಾರ್ಖಾನೆ ಇಲ್ಲೇ ಆಗಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲೇ ಯೋಜನೆ ಹಾಕಿ, ಯುರೋಪು, ಅಮೆರಿಕಗಳನ್ನು ಸುತ್ತಿ ಬಂದಿದ್ದರು. ಪರಕೀಯ ಸರ್ಕಾರ ಅದಕ್ಕೆ ಕೈಜೋಡಿಸಲಿಲ್ಲ. ನಾಲ್ಕು ದಶಕ ಕಳೆದ ಮೇಲೆ, ಎಪ್ಪತ್ತರ ದಶಕದಲ್ಲಿ, ಮುಂದೆ ಸಿಪಾನಿ ಎಂದಾದ ಸನ್‌ರೈಸ್ ಕಂಪನಿ ಇಲ್ಲಿ ಬಾದಲ್ ಎಂಬ ಗಾಡಿ ತಯಾರಿಸಿತು. ಮೂರು ಚಕ್ರ, ಫೈಬರ್ ಗ್ಲಾಸ್ ಮೈ, ಬಾಗಿಲುಗಳೂ ಮೂರು: ಒಂದು ಪಕ್ಕಕ್ಕೆ ಒಂದು, ಇನ್ನೊಂದು ಪಕ್ಕಕ್ಕೆ ಎರಡು. ರೂಪ ವಿಚಿತ್ರವಾಗಿದ್ದರೂ ಅದರಲ್ಲಿ ಏನಾದರೂ ಹೊಸದು ಮಾಡಬೇಕೆಂಬ ಹುಮ್ಮಸ್ಸಿತ್ತು. 1982ರಲ್ಲಿ ಕಂಪನಿ ಬ್ರಿಟನ್ನಿನತ್ತ ತಿರುಗಿತು. ಟ್ಯಾಮ್‌ವರ್ತ್ ಊರಿನ ರಿಲಯಂಟ್ ಕಂಪನಿಯ ಕಿಟನ್ ಎಂಬ ಪುಟ್ಟ ಕಾರು ಇಲ್ಲಿ ಡಾಲ್ಫಿನ್ ಆಯಿತು. 848 ಸಿಸಿ ಎಂಜಿನ್, ಎರಡೇ ಬಾಗಿಲು, ತುಕ್ಕು ಹಿಡಿಯದ ಫೈಬರ್ ಮೈ. ಗಾಡಿ ಹಗುರ, ಓಟ ಚುರುಕು. ಆದರೆ ಕಿಟನ್ನನ್ನು ರಿಲಯಂಟ್ ನಿಲ್ಲಿಸಿದ್ದೂ ಅದೇ 1982ರಲ್ಲಿ. ಡಾಲ್ಫಿನ್‌ಗೆ ಇನ್ನೆರಡು ಬಾಗಿಲು ಕೂಡಿಸಿ ಮೊಂಟಾನಾ ಎಂದು ಮಾರಿ ನೋಡಿದರು. ತೊಂಬತ್ತರ ದಶಕದಲ್ಲಿ ಬ್ರಿಟನ್ನಿನವರು ಮುಗಿಸುತ್ತಿದ್ದ ಮೊಂಟೆಗೊ ಕಾರನ್ನು ಸಿಪಾನಿ ತಂದು ಜೋಡಿಸಿ ಮಾರತೊಡಗಿತು. ಅದು ಕೆಲವೇ ನೂರರ ಲೆಕ್ಕಕ್ಕೆ ನಿಂತಿತು. ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿಯೂ 1985ರಲ್ಲಿ ರೋವರ್ ಕಾರಿನ ಅಂದದ ಮೈಯೊಳಗೆ ಹಳೇ ಎಂಜಿನ್ ಇಟ್ಟು ಸ್ಟ್ಯಾಂಡರ್ಡ್ 2000 ಎಂದು ಮಾರಲು ಹೋಗಿ ಕೈಸುಟ್ಟುಕೊಂಡಿತು. ಅವರು ಬಿಟ್ಟದ್ದನ್ನು ನಾವು ಹಿಡಿಯುವುದು ಹೀಗೆ ಒಂದು ರೂಢಿಯೇ ಆಗಿಹೋಗಿತ್ತು.

ಸಿಪಾನಿಯಂಥ ಸಣ್ಣ ಕಂಪನಿ ಇನ್ನೇನು ಮಾಡಬೇಕಿತ್ತು ಎಂದು ಕೇಳುವವರಿದ್ದಾರೆ. ಲೈಸೆನ್ಸ್ ಕಾಲ ಅದು, ಯಂತ್ರ ತರಿಸಲೂ ಉತ್ಪಾದನೆ ಹೆಚ್ಚಿಸಲೂ ದೆಹಲಿಯ ಅಪ್ಪಣೆ ಬೇಕಿತ್ತು. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿಗಾದರೆ ಸರ್ಕಾರವೇ ಬೆನ್ನಿಗಿತ್ತು. ಈ ಮಾತಿನಲ್ಲಿ ತೂಕವಿದೆ, ಪಂದ್ಯ ಸಮಬಲದ್ದಾಗಿರಲಿಲ್ಲ. ಆದರೂ ಮಾರುತಿ ಗೆದ್ದದ್ದು ಸರ್ಕಾರದ ಆಸರೆಯಿಂದಷ್ಟೇ ಅಲ್ಲ. ಸುಜುಕಿಯವರು ಮೊದಲ ಮಾರುತಿ ತಂದು ಮೂರು ವರ್ಷ ತುಂಬುವಷ್ಟರಲ್ಲಿ, 1986ರಲ್ಲಿ, ಅದರ ಮೈಯನ್ನೇ ಬದಲಿಸಿ ಹೊಸ ಮಾದರಿ ಕೊಟ್ಟರು. ಆಗಿನ್ನೂ ಕೊಳ್ಳುವವರು ಹೆಸರು ಬರೆಸಿ, ಮುಂಗಡ ಕಟ್ಟಿ ಕಾಯುತ್ತಿದ್ದರು, ಬದಲಿಸಲೇಬೇಕಾದ ಒತ್ತಡವೇನೂ ಇರಲಿಲ್ಲ. ಅಂಬಾಸಿಡರ್ 57 ವರ್ಷ ಓಡಿತಲ್ಲ, ಹಳತೂ ನಡೆಯುತ್ತದಲ್ಲ ಎಂಬ ವಾದಕ್ಕೂ ಉತ್ತರ ಇಲ್ಲೇ ಇದೆ. ಬೇರೆ ಗತಿಯಿಲ್ಲದ ಕಾಲದಲ್ಲಿ ನಡೆಯಿತು. ಎಂಬತ್ತರ ದಶಕದ ನಡುವಿನಲ್ಲಿ ವರ್ಷಕ್ಕೆ ಸುಮಾರು 24 ಸಾವಿರ ಮಾರಾಟವಾಗುತ್ತಿದ್ದುದು ಕೊನೆಯ ವರ್ಷಕ್ಕೆ ಎರಡು ಸಾವಿರದ ಆಸುಪಾಸಿಗೆ ಬಂದಿತ್ತು.

ಸಣ್ಣ ಕಂಪನಿಗೆ ಸ್ವಂತ ಮಾದರಿ ಅಸಾಧ್ಯವೇ? ಅದೇ ಬೆಂಗಳೂರಿನ ರೇವಾ ಇಲ್ಲ ಎನ್ನುತ್ತದೆ. ಚೇತನ್ ಮೈನಿ ಮತ್ತವರ ಬಳಗದವರು ಮಾಡಿ 2001ರಲ್ಲಿ ಬಿಟ್ಟ ಈ ವಿದ್ಯುತ್ ಕಾರು 2004ರಿಂದ ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ ಬೀದಿಗಳಲ್ಲಿ ಓಡಿತು. ಗಾಡಿ ತೀರಾ ಚಿಕ್ಕದು, ಬ್ಯಾಟರಿ ಹಳೆ ಕಾಲದ ಸೀಸದ್ದು, ಸುರಕ್ಷತೆಯ ಬಗ್ಗೆ ಅಲ್ಲಿ ಕಟುವಾದ ಟೀಕೆಯೂ ಬಂತು. 2010ರಲ್ಲಿ ಕಂಪನಿ ಮಹೀಂದ್ರದ ಕೈಸೇರಿತು. ಆದರೂ ಮಹೀಂದ್ರ ಕೊಂಡದ್ದು ಬರೀ ಶೆಡ್ಡು, ಯಂತ್ರಗಳನ್ನಲ್ಲ, ಬೆಂಗಳೂರಿನಲ್ಲಿ ಬೆಳೆದಿದ್ದ ವಿದ್ಯೆಯನ್ನು. ಅತ್ತ ಬ್ರಿಟನ್ನಿನಲ್ಲೂ ಇದೇ ಪಾಠ. 2005ರಲ್ಲಿ ಲಾಂಗ್‌ಬ್ರಿಡ್ಜ್‌ನ ಎಂಜಿ ರೋವರ್ ಮುಳುಗಿದಾಗ ಸುಮಾರು 6 ಸಾವಿರ ಜನ ಬೀದಿಗೆ ಬಿದ್ದರು. ಆದರೆ 2008ರಲ್ಲಿ ಟಾಟಾದವರು 230 ಕೋಟಿ ಡಾಲರ್ ಕೊಟ್ಟು ಫೋರ್ಡ್‌ನಿಂದ ಕೊಂಡ ಜಾಗ್ವಾರ್ ಲ್ಯಾಂಡ್‌ರೋವರ್ ಚೇತರಿಸಿಕೊಂಡಿತು. ಇವರು ವಿನ್ಯಾಸದ ಕೆಲಸವನ್ನು ಬ್ರಿಟನ್ನಿನಲ್ಲೇ ಉಳಿಸಿ, 2011ರಲ್ಲಿ ಇವೋಕ್ ಎಂಬ ಹೊಸ ಮಾದರಿ ತಂದು, ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಹೊಸ ಎಂಜಿನ್ ಕಾರ್ಖಾನೆಯನ್ನೇ ಕಟ್ಟಿದರು. ಮಾಲೀಕರು ಯಾವ ದೇಶದವರು ಎಂಬುದಕ್ಕಿಂತ ಅವರು ಹಣವನ್ನು ಎಲ್ಲಿ ಸುರಿದರು ಎಂಬುದು ಮುಖ್ಯವಾಯಿತು.

ನಮ್ಮ ತುಮಕೂರು ಜಿಲ್ಲೆಯಲ್ಲೂ ವಸಂತನರಸಾಪುರದಂಥ ಕಡೆ ಕೈಗಾರಿಕೆಗೆ ನೆಲ ಕೊಡುತ್ತಿದ್ದೇವೆ. ಕಂಪನಿ ಬರುವಾಗ ಎಷ್ಟು ಜನಕ್ಕೆ ಕೆಲಸ ಸಿಗುತ್ತದೆ ಎಂದು ನಮ್ಮ ಪ್ರತಿನಿಧಿಗಳು ಕೇಳುತ್ತಾರೆ, ಕೇಳಲೇಬೇಕು. ಅದರ ಜೊತೆಗೆ ಮುಂದಿನ ಮಾದರಿಯ ನಕ್ಷೆ ಎಲ್ಲಿ ತಯಾರಾಗುತ್ತದೆ, ಅದಕ್ಕೆ ವರ್ಷಕ್ಕೆ ಎಷ್ಟು ಹಣ ಇಡುತ್ತೀರಿ, ಆ ಕೆಲಸಕ್ಕೆ ನಮ್ಮ ಮಕ್ಕಳನ್ನು ತೆಗೆದುಕೊಳ್ಳುತ್ತೀರಾ ಎಂದೂ ಕೇಳಲಿ. ನೆಲ ಬರೆದುಕೊಡುವ ಮುಂಚೆಯೇ ಕೇಳಲಿ.