ಪೆರುವಿನ ಕಡಲು ಕಾದರೆ ನಮ್ಮ ಹೊಲಕ್ಕೇನು?



2023ರ ಮುಂಗಾರನ್ನು ನೀವು ಮರೆತಿರಲಾರಿರಿ. ಆಗಸ್ಟ್ ತಿಂಗಳೆಲ್ಲ ಮಳೆ ಕೈಕೊಟ್ಟು ಪೈರು ಬಾಡಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಆ ವರ್ಷ ಪದೇ ಪದೇ ಕೇಳಿಬಂದ ಹೆಸರು 'ಎಲ್ ನಿನೋ'. ದೂರದ ಕಡಲಿಗೂ ನಿಮ್ಮ ಹೊಲಕ್ಕೂ ಏನು ಸಂಬಂಧ?

ಎಲ್ ನಿನೋ ಎಂದರೇನು?

ಪೆಸಿಫಿಕ್ ಸಾಗರದ ಮೇಲೆ ಸಾಮಾನ್ಯವಾಗಿ ಗಾಳಿಯು ಪೂರ್ವದಿಂದ ಪಶ್ಚಿಮಕ್ಕೆ ಬೀಸಿ, ಬೆಚ್ಚನೆಯ ನೀರನ್ನು ಇಂಡೋನೇಷ್ಯಾದ ಕಡೆಗೆ ತಳ್ಳುತ್ತದೆ. ಅಲ್ಲಿ ತೇವದ ಗಾಳಿ ಮೇಲೇರಿ ಮೋಡ ಕಟ್ಟುತ್ತದೆ. ಕೆಲವು ವರ್ಷಗಳಿಗೊಮ್ಮೆ ಈ ಗಾಳಿ ಸೊರಗುತ್ತದೆ. ಬೆಚ್ಚನೆಯ ನೀರು ದಕ್ಷಿಣ ಅಮೆರಿಕದ ಪೆರು ದೇಶದ ಕಡೆಗೆ ಸರಿಯುತ್ತದೆ. ಅದರೊಡನೆ ಮೋಡ ಕಟ್ಟುವ ಜಾಗವೂ ಸರಿಯುತ್ತದೆ. ಆಗ ನಮ್ಮ ಕಡೆ ಗಾಳಿ ಮೇಲೇರುವ ಬದಲು ಕೆಳಗಿಳಿಯುವುದರಿಂದ ಮೋಡ ಬಲಿಯುವುದಿಲ್ಲ. ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ಮೇಲಿನ ವಾಯುಭಾರ ತಕ್ಕಡಿಯಂತೆ ಏರಿಳಿಯುವುದನ್ನು, 1904ರಿಂದ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಗುರುತಿಸಿದರು.

ಪ್ರತಿ ಸಲವೂ ಬರವೇ?

ಇಲ್ಲ. 1997ರಲ್ಲಿ ಎಲ್ ನಿನೋ ಬಹಳ ಪ್ರಬಲವಾಗಿದ್ದರೂ ದೇಶದ ಮುಂಗಾರು ಮಳೆ ವಾಡಿಕೆಯಷ್ಟೇ ಆಯಿತು. 2002ರಲ್ಲಿ ಅದು ಅಷ್ಟು ಬಲವಾಗಿರಲಿಲ್ಲ. ಆದರೂ ಜುಲೈ ಮಳೆ ವಾಡಿಕೆಯ ಅರ್ಧಕ್ಕೆ ಇಳಿಯಿತು. ಇದಕ್ಕೆ ನಮ್ಮದೇ ಸಾಗರವೂ ಒಂದು ಕಾರಣ. ಹಿಂದೂ ಮಹಾಸಾಗರದ ನೀರು ಆಫ್ರಿಕಾದ ಕಡೆ ಬೆಚ್ಚಗಾಗಿ ಸುಮಾತ್ರಾದ ಕಡೆ ತಣ್ಣಗಾದರೆ ಮುಂಗಾರಿಗೆ ಸಹಾಯವಾಗುತ್ತದೆ. 1997ರಲ್ಲಿ ಹಾಗೆಯೇ ಆಗಿತ್ತೆಂದು 1999ರಲ್ಲಿ ಪ್ರಕಟವಾದ ಸಂಶೋಧನೆಗಳು ತೋರಿಸಿದವು.

ನೀವು ಮಾಡಬೇಕಾದುದೇನು?

ಎಲ್ ನಿನೋ ಬರುವುದೆಂದು ಕೇಳಿ ಬಿತ್ತನೆ ಕೈಬಿಡಬಾರದು. ಬರುವುದಿಲ್ಲವೆಂದು ಕೇಳಿ ಇರುವ ಬೀಜವನ್ನೆಲ್ಲ ಒಮ್ಮೆಗೇ ಮಣ್ಣಿಗೆ ಹಾಕಲೂಬಾರದು. ಮುಂಗಾರು ಮುನ್ಸೂಚನೆ ಇಡೀ ದೇಶದ ಲೆಕ್ಕ; ನಿಮ್ಮ ಹೋಬಳಿಯ ಲೆಕ್ಕವಲ್ಲ. ಬಿತ್ತನೆಗೆ ಹೊಲದ ಹದವೇ ಆಧಾರವಾಗಲಿ.

ದಕ್ಷಿಣದ ಕೆಂಪು ಭೂಮಿಯ ಖುಷ್ಕಿ ಬೇಸಾಯಗಾರರು ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮಾಡಿ ಬಿದ್ದ ಮಳೆಯನ್ನು ಹೊಲದಲ್ಲೇ ಇಂಗಿಸಬೇಕು. ಮಳೆ ಸಕಾಲದಲ್ಲಿ ಬಂದರೆ 8 ಸಾಲು ರಾಗಿಗೆ 2 ಸಾಲು ತೊಗರಿಯನ್ನು ಅಕ್ಕಡಿಯಾಗಿ ಹಾಕಿರಿ. ಒಂದು ಸೋತರೆ ಇನ್ನೊಂದು ಕೈಹಿಡಿದೀತು. ಹದ ಮಳೆ ಪುಷ್ಯದವರೆಗೂ ತಡವಾದರೆ ದೀರ್ಘಾವಧಿ ರಾಗಿಯನ್ನು ಬಿಟ್ಟು ಜಿ.ಪಿ.ಯು.-28ರಂತಹ ತಳಿಯನ್ನು ಆರಿಸಿಕೊಳ್ಳಿರಿ. ಮಖೆಯವರೆಗೂ ಬಾರದಿದ್ದರೆ ಹುರುಳಿಯೇ ಗತಿ. ಅದಕ್ಕೆಂದು ಸ್ವಲ್ಪ ಹುರುಳಿ ಬೀಜವನ್ನು ಮೊದಲೇ ತೆಗೆದಿಡಿರಿ.

ಕಡಲಿನ ಕಾವು ನಮ್ಮ ಕೈಯಲ್ಲಿಲ್ಲ. ವಾಡೆಯಲ್ಲಿರುವ ಬೀಜ ನಮ್ಮ ಕೈಯಲ್ಲಿದೆ.