ನೆಗೆಟಿವ್ ಓದುವುದು ಅಂಚಿನಿಂದ

ತೊಳೆದು ಒಣಗಿಸಿದ ಕಪ್ಪು-ಬಿಳುಪು ನೆಗೆಟಿವನ್ನು ಬೆಳಕಿಗೆ ಹಿಡಿದಾಗ ಯಾರ ಕಣ್ಣಾದರೂ ಮೊದಲು ಚಿತ್ರದ ಮೇಲೆ ಹೋಗುತ್ತದೆ. ದೋಷ ಹುಡುಕಲು ಕೂತವರು ಮಾತ್ರ ಅಂಚಿನಿಂದ ಶುರುಮಾಡುತ್ತಾರೆ. 35 ಮಿ.ಮೀ. ಫಿಲ್ಮಿನ ಎರಡೂ ಬದಿಗೆ ಸಾಲು ತೂತುಗಳಿರುತ್ತವೆ. ಅವುಗಳ ಪಕ್ಕದ ಸಣ್ಣ ಜಾಗದಲ್ಲಿ ಫಿಲ್ಮಿನ ಹೆಸರೂ ಫ್ರೇಮಿನ ಸಂಖ್ಯೆಯೂ ಮೂಡಿರುತ್ತವೆ. ಅವನ್ನು ಕಾರ್ಖಾನೆಯಲ್ಲಿ ಬೆಳಕಿನಿಂದ ಬರೆದಿರುತ್ತಾರೆ, ಶಾಯಿಯಿಂದಲ್ಲ. ರೋಲು ಡೆವಲಪರಿಗೆ ಬೀಳುವವರೆಗೆ ಆ ಅಕ್ಷರಗಳು ಕಾಣಿಸುವುದಿಲ್ಲ. ಆಮೇಲೆ ಚಿತ್ರದ ಜೊತೆಗೇ ಕಪ್ಪಾಗಿ ಮೂಡುತ್ತವೆ. ಲೆನ್ಸು, ಶಟರು, ಛಾಯಾಗ್ರಾಹಕನ ಲೆಕ್ಕಾಚಾರ ಯಾವುದೂ ಅವನ್ನು ಮುಟ್ಟಿರುವುದಿಲ್ಲ. ತಪ್ಪು ಕ್ಯಾಮೆರಾದ್ದೋ ಡಾರ್ಕ್ ರೂಮಿನದ್ದೋ ಎಂಬ ಮೊದಲ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತದೆ.

ರೋಲು ಪೂರ್ತಿ ಖಾಲಿ ಬಂದಿದೆ ಎನ್ನೋಣ. ಅಂಚಿನ ಅಕ್ಷರಗಳು ಗಾಢವಾಗಿದ್ದರೆ ರಾಸಾಯನಿಕಗಳು ತಮ್ಮ ಕೆಲಸ ಮಾಡಿವೆ, ಫಿಲ್ಮಿಗೆ ಬೆಳಕೇ ಬಿದ್ದಿಲ್ಲ. ಹೆಚ್ಚಿನ ಸಲ ಕಾರಣ ಬಹಳ ಸರಳ: ಫಿಲ್ಮಿನ ನಾಲಿಗೆ ಸುತ್ತುವ ಉರುಳೆಗೆ ಕಚ್ಚಿಕೊಳ್ಳದೆ ಜಾರಿ, ಮೂವತ್ತಾರು ಸಲ ಕ್ಲಿಕ್ಕಿಸಿದರೂ ರೋಲು ಡಬ್ಬಿಯೊಳಗೇ ಉಳಿದಿರುತ್ತದೆ. ಲಿವರ್ ಎಳೆದಾಗ ರಿವೈಂಡ್ ಗುಂಡಿಯೂ ತಿರುಗುತ್ತಿದೆಯೇ ಎಂದು ನೋಡುವ ಹಳಬರ ಅಭ್ಯಾಸ ಹುಟ್ಟಿದ್ದು ಇದರಿಂದಲೇ. ಅಂಚಿನಲ್ಲೂ ಅಕ್ಷರವಿಲ್ಲ, ಹಗಲು ಬೆಳಕಿನಲ್ಲಿ ಹೊರಗೆ ಚಾಚಿಕೊಂಡಿದ್ದ ನಾಲಿಗೆಯ ತುಂಡೂ ಕಪ್ಪಾಗದೆ ಗಾಜಿನಂತಿದೆ ಎಂದಾದರೆ ಡೆವಲಪರ್ ಸತ್ತಿತ್ತು, ಇಲ್ಲವೇ ಹೈಪೋವನ್ನು ಮೊದಲು ಸುರಿದಿದ್ದಾರೆ. ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್, ಡೆವಲಪ್ ಆಗದ ಬೆಳ್ಳಿಯ ಲವಣಗಳನ್ನು ಕರಗಿಸಿಬಿಡುತ್ತದೆ. ಡೆವಲಪರಿಗಿಂತ ಮೊದಲು ಬಿದ್ದರೆ ಉಳಿಯುವುದು ಬರೀ ಪ್ಲಾಸ್ಟಿಕ್ ಪಟ್ಟಿ.

ಚಿತ್ರ ಬಂದಿದೆ, ಆದರೆ ತೆಳುವಾಗಿದೆ ಎಂಬುದು ಇದಕ್ಕಿಂತ ಸಾಮಾನ್ಯ ದೂರು. ಅಂಚು ಸರಿಯಿದ್ದು, ನೆರಳಿನ ಭಾಗಗಳಲ್ಲಿ ಏನೂ ಮೂಡಿರದಿದ್ದರೆ ಎಕ್ಸ್‌ಪೋಷರ್ ಕಡಿಮೆಯಾಗಿದೆ. ಅಂಚೂ ಮಂಕಾಗಿದ್ದರೆ ಡೆವಲಪ್ ಆದದ್ದು ಕಡಿಮೆ. ಇದರ ಉಲ್ಟಾ ತೊಂದರೆ ನಮ್ಮ ಹವೆಯಲ್ಲಿ ಹೆಚ್ಚು. ಕೊಡಕ್ 1927ರಲ್ಲಿ ತಂದ ಡಿ-76ರಂಥ ಡೆವಲಪರುಗಳಿಗೆ ಕೋಷ್ಟಕಗಳು ಸಾಮಾನ್ಯವಾಗಿ ಕೊಡುವ ಸಮಯ 20 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕಹಾಕಿದ್ದು. ಏಪ್ರಿಲ್ ತಿಂಗಳ ನಲ್ಲಿ ನೀರು ಅದಕ್ಕಿಂತ ಎಷ್ಟೋ ಬೆಚ್ಚಗಿರುತ್ತದೆ. ಕೋಷ್ಟಕ ನಂಬಿ ಅಷ್ಟೇ ಹೊತ್ತು ಬಿಟ್ಟರೆ ಆಕಾಶ, ಬಿಳಿ ಅಂಗಿ ಇವೆಲ್ಲ ಬೆಳಕೇ ತೂರದ ಕಪ್ಪು ತೇಪೆಗಳಾಗುತ್ತವೆ. ಅಂಚಿನ ಅಕ್ಷರಗಳೂ ದಪ್ಪಗಾಗಿ ಊದಿಕೊಳ್ಳುತ್ತವೆ.

ಬೆಳಕು ಸೋರಿ ಆದ ಕಲೆಗಳನ್ನು ಓದುವಾಗ ಒಂದು ಮಾತು ನೆನಪಿರಬೇಕು: ನೆಗೆಟಿವಿನಲ್ಲಿ ಕಪ್ಪು ಎಂದರೆ ಬೆಳಕು. ‘ಲೈಟ್ ಹೊಡೆದಿದೆ’ ಎಂದು ಸ್ಟುಡಿಯೋದವರು ಹೇಳುವ ಕಪ್ಪು ಪಟ್ಟೆ ಎಲ್ಲಿಂದ ಶುರುವಾಗಿ ಎಲ್ಲಿ ನಿಂತಿದೆ ಎಂಬುದು ಮುಖ್ಯ. ಚಿತ್ರದ ಗಡಿ ದಾಟಿ, ತೂತುಗಳನ್ನೂ ಹಾದು ಫಿಲ್ಮಿನ ತುದಿ ಮುಟ್ಟಿದ್ದರೆ ಬೆಳಕು ಬಂದದ್ದು ಕ್ಯಾಮೆರಾದ ಹಿಂಬಾಗಿಲ ಸಂದಿನಿಂದ. ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಆ ಸಂದನ್ನು ಮುಚ್ಚುವ ಸ್ಪಂಜಿನ ಪಟ್ಟಿ ಕಾಲಕ್ರಮೇಣ ಅಂಟಂಟಾಗಿ, ಬೆರಳಿಗೆ ಟಾರಿನಂತೆ ಮೆತ್ತಿಕೊಳ್ಳುತ್ತದೆ. ಕಲೆ ಫ್ರೇಮಿನ ಗಡಿಯೊಳಗೇ ನಿಂತಿದ್ದರೆ ಅದು ಲೆನ್ಸಿನ ಕಡೆಯಿಂದ ಬಂದದ್ದು. ಬಟ್ಟೆಯ ಶಟರಿನಲ್ಲಿ ಸೂಜಿಮೊನೆಯಷ್ಟು ತೂತಾಗಿದ್ದರೆ ಫ್ರೇಮಿಂದ ಫ್ರೇಮಿಗೆ ಅದೇ ಜಾಗದಲ್ಲಿ ಚುಕ್ಕೆ ಕಾಣಿಸುತ್ತದೆ. ಫ್ರೇಮಿನ ಲೆಕ್ಕಕ್ಕೇ ಸಿಗದೆ, ಕ್ರಮವಾಗಿ ಕಿರಿದಾಗುತ್ತ ಹೋಗುವ ಅಂತರದಲ್ಲಿ ಮರುಕಳಿಸುವ ಪಟ್ಟೆಯಾದರೆ ಸುರುಳಿ ಸುತ್ತಿಕೊಂಡಿದ್ದಾಗಲೇ ಬೆಳಕು ತಾಗಿದೆ; ಒಳಸುತ್ತಿಗೆ ಹೋದಂತೆ ಸುತ್ತಳತೆ ಕಡಿಮೆಯಾಗುವುದರಿಂದ ಅಂತರವೂ ಕುಗ್ಗುತ್ತದೆ. ಒಣ ಹವೆಯಲ್ಲಿ ರೋಲನ್ನು ರಭಸದಿಂದ ಹಿಂದಕ್ಕೆ ಸುತ್ತಿದಾಗ ಹುಟ್ಟುವ ವಿದ್ಯುತ್ ಕಿಡಿ ಮಾತ್ರ ತನ್ನ ಸಹಿ ಹಾಕಿಯೇ ಹೋಗುತ್ತದೆ: ಕವಲೊಡೆದ ಪುಟ್ಟ ಕಪ್ಪು ಮಿಂಚು.

ಅಭ್ಯಾಸಿಗಳು ಹೆಚ್ಚು ಎಡವುವುದು ಟ್ಯಾಂಕಿನೊಳಗೆ. ಕತ್ತಲಲ್ಲಿ ಫಿಲ್ಮನ್ನು ರೀಲಿಗೆ ಏರಿಸುವಾಗ ಬೆರಳೊತ್ತಿ ಮಡಚಿದರೆ ಅಲ್ಲೊಂದು ಅರ್ಧಚಂದ್ರ ಬೀಳುತ್ತದೆ, ಚಿತ್ರದ ಯಾವ ಭಾಗಕ್ಕೂ ಸಂಬಂಧವಿಲ್ಲದೆ. ಒಂದು ಸುತ್ತು ಪಕ್ಕದ ಸುತ್ತಿಗೆ ಅಂಟಿಕೊಂಡರೆ ಆ ಜಾಗಕ್ಕೆ ಡೆವಲಪರೂ ಹೋಗುವುದಿಲ್ಲ, ಹೈಪೋವೂ ಹೋಗುವುದಿಲ್ಲ. ಬೆಳಕು ಹಾಯದ ಕೆನೆಬಣ್ಣದ ತೇಪೆ ಉಳಿಯುತ್ತದೆ, ಅದರ ಜೋಡಿ ಒಂದು ಸುತ್ತಿನಾಚೆ ಸಿಗುತ್ತದೆ. ಟ್ಯಾಂಕಿಗೆ ದ್ರಾವಣ ಸಾಲದೆ ಹೋಗಿದ್ದರೆ ರೋಲಿನ ಒಂದೇ ಬದಿ ಉದ್ದಕ್ಕೂ ಮಂಕಾಗಿರುತ್ತದೆ. ಅಂಚು ಸ್ಪಷ್ಟವಾದ ಪುಟ್ಟ ತಿಳಿ ವೃತ್ತಗಳು ಗಾಳಿಗುಳ್ಳೆಯ ಗುರುತು. ಡೆವಲಪರ್ ಸುರಿದ ಕೂಡಲೇ ಟ್ಯಾಂಕನ್ನು ಮೇಜಿಗೆ ಎರಡು ಸಲ ಕುಟ್ಟಿದ್ದರೆ ಅವು ಇರುತ್ತಿರಲಿಲ್ಲ.

ಅಲುಗಾಡಿಸುವುದೂ ಒಂದು ಹದ. ತೀರ ಜೋರಾದರೆ ದ್ರಾವಣ ತೂತುಗಳ ಮೂಲಕ ನುಗ್ಗಿ, ಪ್ರತಿ ತೂತಿನ ಎದುರಿಗೂ ಬಾಚಣಿಗೆ ಹಲ್ಲಿನಂತೆ ಕಪ್ಪು ಗೆರೆ ಎಳೆಯುತ್ತದೆ. ಅಲುಗಾಡಿಸದೆ ಬಿಟ್ಟರೆ ಗಾಢ ಭಾಗಗಳಲ್ಲಿ ಬಿಡುಗಡೆಯಾದ ಬ್ರೋಮೈಡ್ ಕೆಳಗಿಳಿದು, ದಾರಿಯುದ್ದಕ್ಕೂ ಡೆವಲಪರಿನ ಕೆಲಸಕ್ಕೆ ತಡೆಹಾಕಿ ಮಂಕು ಬಾಲಗಳನ್ನು ಉಳಿಸುತ್ತದೆ. ಎರಡೂ ನೋಡಲು ಗೆರೆಗಳೇ, ಆದರೆ ಒಂದು ಕಪ್ಪು, ಇನ್ನೊಂದು ತಿಳಿ. ಈ ವ್ಯತ್ಯಾಸ ಗಮನಿಸದೆ ಮದ್ದು ಮಾಡಿದವರು ಮುಂದಿನ ರೋಲನ್ನೂ ಕೆಡಿಸಿಕೊಳ್ಳುತ್ತಾರೆ.

ಹೈಪೋ ಸಾಲದ ನೆಗೆಟಿವ್ ಹಾಲು ಚೆಲ್ಲಿದಂತೆ ಮಸುಕಾಗಿರುತ್ತದೆ. ಗಾಬರಿ ಬೇಡ, ಬೇಗ ಗಮನಿಸಿದರೆ ಹೊಸ ಹೈಪೋದಲ್ಲಿ ಮತ್ತೆ ಅದ್ದಿ ತೊಳೆದರೆ ತಿಳಿಯಾಗುತ್ತದೆ. ಟಿ-ಮ್ಯಾಕ್ಸ್‌ನಂಥ ಫಿಲ್ಮುಗಳಲ್ಲಿ ಉಳಿಯುವ ಗುಲಾಬಿ ಛಾಯೆಯೂ ಬಹುಮಟ್ಟಿಗೆ ಹೀಗೇ ಹೋಗುತ್ತದೆ. ಬೆಚ್ಚಗಿನ ದ್ರಾವಣದಿಂದ ಥಟ್ಟನೆ ತಣ್ಣೀರಿಗೆ ಹಾಕಿ ಜೆಲಾಟಿನ್ ಬಿರುಕುಬಿಟ್ಟು ಬಲೆಯಂಥ ವಿನ್ಯಾಸ ಮೂಡಿದರೆ ಮಾತ್ರ ಮದ್ದಿಲ್ಲ.

ಒಣಗಿಸುವಾಗಿನ ದೋಷಗಳನ್ನು ಗುರುತಿಸುವುದಕ್ಕೆ ಪಟ್ಟಿಯನ್ನು ಓರೆಯಾಗಿ ಹಿಡಿಯಬೇಕು. ಬೋರ್‌ವೆಲ್ಲಿನ ಗಡಸು ನೀರಿನ ಹನಿ ಆರಿದಲ್ಲಿ ಸುಣ್ಣದ ಉಂಗುರ ಹೊಳೆಯುತ್ತದೆ. ಹೊಳಪಿನ ಮೈಮೇಲಿದ್ದರೆ ಉಸಿರು ಹಾಯಿಸಿ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಚಿತ್ರ ಹೊತ್ತ ಎಮಲ್ಷನ್ ಪದರದ ಮೇಲಿದ್ದರೆ ಮತ್ತೆ ನೆನೆಸಬೇಕು. ಗೀರುಗಳಿಗೂ ಇದೇ ಪರೀಕ್ಷೆ: ಬೆನ್ನಿನ ಕಡೆಯ ಗೀರು ಪ್ರಿಂಟಿನಲ್ಲಿ ಬಿಳಿ ಗೆರೆ, ಎಮಲ್ಷನ್ ಕಿತ್ತುಬಂದ ಗೀರು ಕಪ್ಪು ಗೆರೆ. ರೋಲಿನುದ್ದಕ್ಕೂ ರೈಲು ಹಳಿಯಂತೆ ನೆಟ್ಟಗಿದ್ದರೆ ಡಬ್ಬಿಯ ಬಾಯಿಯ ಮಖಮಲ್ಲಿನಲ್ಲಿ ಮರಳಿನ ಕಣ ಸಿಕ್ಕಿರುವ ಸಂಶಯ ಬಲ.

ಒಣಗಿಸುವ ಕಪಾಟಿನ ಮೇಲೆ ಹೊರಿಸಿದ ಆರೋಪಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಯುದ್ಧ ಛಾಯಾಗ್ರಾಹಕ ರಾಬರ್ಟ್ ಕಾಪಾನ ರೋಲುಗಳದ್ದು. 1944ರ ಜೂನ್ 6ರಂದು ನಾರ್ಮಂಡಿಯ ಒಮಾಹಾ ಕಡಲತೀರದಲ್ಲಿ ತೆಗೆದ ಆ ರೋಲುಗಳನ್ನು ‘ಲೈಫ್’ ಪತ್ರಿಕೆಯ ಲಂಡನ್ ಕಚೇರಿಯಲ್ಲಿ ತೊಳೆದರು. ಅವಸರದಲ್ಲಿ ಸಹಾಯಕನೊಬ್ಬ ಕಪಾಟಿನ ಬಾಗಿಲು ಮುಚ್ಚಿದ್ದರಿಂದ ಶಾಖ ಹೆಚ್ಚಿ ಎಮಲ್ಷನ್ ಕರಗಿಹೋಯಿತು, ಹನ್ನೊಂದು ಫ್ರೇಮು ಮಾತ್ರ ಉಳಿದವು ಎಂಬುದು ಚಿತ್ರ ಸಂಪಾದಕ ಜಾನ್ ಮಾರಿಸ್ ದಶಕಗಳ ಕಾಲ ಹೇಳಿದ ಕತೆ. 2014ರಿಂದ ವಿಮರ್ಶಕ ಎ.ಡಿ. ಕೋಲ್‌ಮನ್ ಮತ್ತು ಸಂಗಡಿಗರು ಇದನ್ನು ಪ್ರಶ್ನಿಸಿದರು. ಅಂಥ ಕಪಾಟಿನ ಶಾಖಕ್ಕೆ ಆ ಕಾಲದ ಫಿಲ್ಮಿನ ಎಮಲ್ಷನ್ ಹಾಗೆ ಹರಿಯುವುದಿಲ್ಲ ಎಂಬುದು ಅವರ ವಾದ. ಉಳಿದ ಫ್ರೇಮುಗಳಲ್ಲಿ ಚಿತ್ರ ಒಂದು ಬದಿಯ ತೂತುಗಳ ಮೇಲೆ ಚಾಚಿಕೊಂಡಿರುವುದನ್ನು ಹಳೆಯ ಕತೆಯನ್ನು ನಂಬಿದವರು ಎಮಲ್ಷನ್ ಜಾರಿದ್ದಕ್ಕೆ ಪುರಾವೆ ಎನ್ನುತ್ತಿದ್ದರು. ಕಾಪಾನ ಕಾಂಟ್ಯಾಕ್ಸ್ ಕ್ಯಾಮೆರಾದಲ್ಲಿ ಕೊಡಕ್ ಡಬ್ಬಿ ಸರಿಯಾಗಿ ಕೂರದೆ ಫಿಲ್ಮು ಓರೆಗೆ ಸರಿದದ್ದೇ ಅದಕ್ಕೆ ಕಾರಣ ಎಂದು ಸಂಶೋಧಕರು ತೋರಿಸಿದರು. ಉಳಿದ ರೋಲುಗಳಲ್ಲಿ ಚಿತ್ರಗಳೇ ಇರದಿದ್ದಿರಬಹುದು ಎಂದು ಕೊನೆಗೆ ಮಾರಿಸ್ ಕೂಡ ಒಪ್ಪಿದರು. ಎಪ್ಪತ್ತು ವರ್ಷ ಬಾಯಿಮಾತಿನಲ್ಲಿ ಬೆಳೆದ ಕತೆಯನ್ನು ಅಲುಗಾಡಿಸಿದ ಸಾಕ್ಷಿಗಳಲ್ಲಿ ಒಂದು, ತೂತುಗಳ ಪಕ್ಕದ ಆ ಕಿರಿದಾದ ಅಂಚು.

ಇನ್ನು ಕೆಲವು ದೋಷಗಳು ಪೆಟ್ಟಿಗೆ ಸೇರಿದ ಮೇಲೆ ಹುಟ್ಟುತ್ತವೆ. ಹೈಪೋ ಪೂರ್ತಿ ತೊಳೆದುಹೋಗದಿದ್ದರೆ ವರ್ಷಗಳು ಕಳೆದ ಮೇಲೆ ಹಳದಿ-ಕಂದು ಕಲೆ ತಲೆಹಾಕುತ್ತದೆ. ಕರಾವಳಿಯ, ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಜೆಲಾಟಿನನ್ನೇ ತಿಂದು ಜೇಡರಬಲೆಯಂತೆ ಹಬ್ಬುತ್ತದೆ. ಅದನ್ನು ನೀರಿನಿಂದ ತೊಳೆಯಲು ಹೋದರೆ ಮೆತ್ತಗಾದ ಎಮಲ್ಷನ್ನೇ ಎದ್ದುಬರುವ ಅಪಾಯವಿದೆ. ಅಸಿಟೇಟ್ ಫಿಲ್ಮಿನ ಪೆಟ್ಟಿಗೆ ತೆರೆದಾಗ ವಿನಿಗರ್ ವಾಸನೆ ಬಂದರೆ ಪಟ್ಟಿಯೇ ಕೊಳೆಯುತ್ತಿದೆ ಎಂದರ್ಥ. ಹೊರಬರುವ ಆಮ್ಲ ಪಕ್ಕದ ಪಟ್ಟಿಗಳ ಕೊಳೆತವನ್ನೂ ಚುರುಕುಗೊಳಿಸುವುದರಿಂದ ಅಂಥವನ್ನು ಬೇರೆ ಇಟ್ಟು, ಸುರುಟಿಕೊಳ್ಳುವ ಮೊದಲೇ ಸ್ಕ್ಯಾನ್ ಮಾಡಿಡುತ್ತಾರೆ.