ಡಿಕ್ಕಿಯಾದ ಮೇಲೆ ಮತ್ತೆ ಸೈಕಲ್ ಹತ್ತುವಾಗ



ಪ್ರತಿ ಸಲ ಕೆಚ್ಚಲು ಬಾವು, ಬೆದೆ, ಪಶು ಆಹಾರ ಎಂದು ಬರೆಯುವ ನಾನು ಈ ಸಲ ಹಾಲು ಹಟ್ಟಿಯಿಂದ ಸಂಘಕ್ಕೆ ಬರುವ ದಾರಿಯ ಬಗ್ಗೆ ಬರೆಯುತ್ತಿದ್ದೇನೆ. ಮಂಗಳೂರು ನಗರದ ಅಂಚಿನಲ್ಲಿ ಸೈಕಲ್ಲಿನಲ್ಲೇ ಹಾಲು ತರುವ ಸದಸ್ಯರು ಇನ್ನೂ ಇದ್ದಾರೆ. ಅಂಥವರಲ್ಲಿ ಒಬ್ಬರಿಗೆ ಕಾರು ತಾಗಿತು ಎಂದುಕೊಳ್ಳಿ. ಗಾಯ ವಾಸಿಯಾದರೂ ಅವರು ಸೈಕಲ್ ಮುಟ್ಟುವುದಿಲ್ಲ. ಬೆಳಗಿನ ಹಾಲನ್ನು ಪಕ್ಕದ ಮನೆಯವರು ಒಯ್ಯುತ್ತಾರೆ, ಸಂಜೆಯದ್ದು ಮನೆಯಲ್ಲೇ ಉಳಿಯುತ್ತದೆ. ಕೆಲವು ತಿಂಗಳಲ್ಲಿ ಒಂದು ದನ ಕಡಿಮೆಯಾಗುತ್ತದೆ. ಇಂಥ ಮನೆಗಳನ್ನು ನಾನು ನೋಡಿದ್ದೇನೆ.

ನನಗೂ ಹೀಗೆ ಆಗಿದೆ. ಕುಲಶೇಖರಕ್ಕೆ ಸೈಕಲ್ಲಿನಲ್ಲಿ ಬರುವಾಗ ನನ್ನನ್ನು ಹಿಂದೆ ಹಾಕಿದ ಕಾರೊಂದು ಎದುರಿಗೇ ಎಡಕ್ಕೆ ತಿರುಗಿತು. ಕೊರಳೆಲುಬು ಮುರಿಯಿತು. ದೊಡ್ಡವರಲ್ಲಿ ಅದು ಕೂಡಲು ಸಾಮಾನ್ಯವಾಗಿ 6ರಿಂದ 12 ವಾರ ಬೇಕು. ನನ್ನ ಎಲುಬು ಆ ಲೆಕ್ಕದಲ್ಲೇ ಕೂಡಿತು, ಹೆದರಿಕೆ ಮಾತ್ರ ಹೋಗಲಿಲ್ಲ. ಹಿಂದಿನಿಂದ ಎಂಜಿನ್ ಸದ್ದು ಕೇಳಿದರೆ ಸಾಕು, ಕೈ ತಾನಾಗಿ ಬ್ರೇಕ್ ಹಿಡಿಯುತ್ತಿತ್ತು.

ಇದು ನಿಮಗೆ ಹೊಸದಲ್ಲ. ಹಟ್ಟಿಯ ನುಣುಪು ಸಿಮೆಂಟಿನಲ್ಲಿ ಒಮ್ಮೆ ಜಾರಿ ಬಿದ್ದ ದನ ಮರುದಿನ ಆ ಜಾಗಕ್ಕೆ ಬಂದಾಗ ಏನು ಮಾಡುತ್ತದೆ? ತಲೆ ತಗ್ಗಿಸಿ ಮೂಸುತ್ತದೆ, ಹೆಜ್ಜೆ ಇಡುವುದಿಲ್ಲ. ಹಗ್ಗ ಜಗ್ಗಿದರೆ, ಬಾಲ ತಿರುಚಿದರೆ ಹೆದರಿಕೆ ಇಮ್ಮಡಿಯಾಗುತ್ತದೆ. ರಬ್ಬರ್ ಮ್ಯಾಟ್ ಹಾಸಿ, ಮುಂದೆ ಒಂದು ಹಿಡಿ ಹಸಿ ಹುಲ್ಲು ಹಿಡಿದು ಸುಮ್ಮನೆ ನಿಂತರೆ ಅದೇ ದನ ತಾನಾಗಿ ದಾಟುತ್ತದೆ. ನೋವಾದ ಜಾಗವನ್ನು ದನ ಮರೆಯುವುದಿಲ್ಲ. ಅದೇ ಜಾಗದಲ್ಲಿ ನೋವಾಗದೆ ಹಲವು ಸಲ ನಡೆದ ಮೇಲೆ ಧೈರ್ಯ ಬರುತ್ತದೆ. ಮನುಷ್ಯರಿಗೂ ಇದೇ ದಾರಿ. "ಗಂಡಸಲ್ಲವಾ, ಹತ್ತು" ಎಂದು ದೂಡುವವರು ಬಾಲ ತಿರುಚುವವರ ಸಾಲಿಗೇ ಸೇರುತ್ತಾರೆ.

ಆದ್ದರಿಂದ ಮೊದಲ ವಾರ ಅಂಗಳ ಮತ್ತು ಒಳರಸ್ತೆ ಸಾಕು, ಕ್ಯಾನು ಬೇಡ. ಆಮೇಲೆ ಭಾನುವಾರ ಬೆಳಿಗ್ಗೆ, ವಾಹನ ಕಡಿಮೆಯಿರುವಾಗ, ಸಂಘದವರೆಗೆ ಖಾಲಿ ಸೈಕಲ್ಲಿನಲ್ಲಿ ಹೋಗಿ ಬನ್ನಿ. ಮೂರನೆಯದಾಗಿ ಅರ್ಧ ಕ್ಯಾನು. 10 ಲೀಟರ್ ಹಾಲು 10 ಕಿಲೋಗಿಂತ ತುಸು ಹೆಚ್ಚೇ ತೂಗುತ್ತದೆ, ಕ್ಯಾನಿನ ತೂಕ ಬೇರೆ. ಇದನ್ನು ಹ್ಯಾಂಡಲಿಗೆ ನೇತು ಹಾಕಿದರೆ ತಿರುವಿನಲ್ಲಿ ಸೈಕಲ್ ನಿಮ್ಮ ಮಾತು ಕೇಳುವುದಿಲ್ಲ. ಹಿಂದಿನ ಕ್ಯಾರಿಯರಿಗೆ ಬಿಗಿಯಾಗಿ ಕಟ್ಟಿ. ಭುಜ, ಕೈಯ ಎಲುಬು ಮುರಿದಿದ್ದರೆ ಭಾರ ಎತ್ತಲು ವೈದ್ಯರು ಒಪ್ಪುವವರೆಗೆ ಕ್ಯಾನನ್ನು ಬೇರೆಯವರು ಎತ್ತಿ ಇಡಲಿ.

ದಾರಿ ಬದಲಿಸಿದರೆ ಸೋತಂತೆ ಎಂದು ಭಾವಿಸಬೇಡಿ. ನಂತೂರು ವೃತ್ತದಲ್ಲಿ ನಾನು ಇಂದಿಗೂ ಇಳಿದು, ಸೈಕಲ್ ತಳ್ಳಿಕೊಂಡೇ ದಾಟುತ್ತೇನೆ. ಮೂಡುಬಿದಿರೆ ಕಡೆಯ ಹೆದ್ದಾರಿಯಲ್ಲಿ ಸಾಧ್ಯವಿದ್ದಲ್ಲೆಲ್ಲ ಒಳರಸ್ತೆ ಹಿಡಿಯುತ್ತೇನೆ, ಹತ್ತು ನಿಮಿಷ ಹೆಚ್ಚಾಗುತ್ತದೆ, ಆಗಲಿ. ಮಳೆಗಾಲದಲ್ಲಿ ರಿಮ್ ಒದ್ದೆಯಾದರೆ ಬ್ರೇಕ್ ಹಿಡಿಯುವುದು ತಡ. ನಮ್ಮ ಇಳಿಜಾರುಗಳಲ್ಲಿ ಮೊದಲೇ ನಿಧಾನಿಸಿ.

ಡಿಕ್ಕಿಯಾದ ಸೈಕಲ್ಲನ್ನು ಹಾಗೇ ಹತ್ತಬೇಡಿ. ಬದಿಯಿಂದ ನೋಡಿದಾಗ ಮುಂದಿನ ಫೋರ್ಕ್ ಹಿಂದಕ್ಕೆ ಬಾಗಿದ್ದರೆ ಬಡಿದು ನೇರ ಮಾಡಿಸುವುದು ಬೇಡ, ಬದಲಾಯಿಸಿ. ಹೆಲ್ಮೆಟ್ ಒಮ್ಮೆ ಏಟು ತಿಂದಿದ್ದರೆ ಅದರ ಕೆಲಸ ಮುಗಿಯಿತು, ಹೊರಗೆ ಚೆನ್ನಾಗಿ ಕಂಡರೂ ಸರಿ.

ಕಾಗದಪತ್ರದ ವಿಚಾರ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಅಪಘಾತವಾದ ಕೂಡಲೇ 112ಕ್ಕೆ ಕರೆ ಮಾಡಿ, ಪೊಲೀಸರಲ್ಲಿ ಪ್ರಕರಣ ದಾಖಲಿಸಿ. 2025ರ ಕೇಂದ್ರ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ಇದೆ. ಸೈಕಲ್ಲಿಗೆ ವಿಮೆ ಇಲ್ಲವಲ್ಲ ಎಂದು ಸುಮ್ಮನಾಗಬೇಡಿ; ಪರಿಹಾರ ಕೊಡಬೇಕಾದದ್ದು ಕಾರಿನ ವಿಮೆ. ಅಪಘಾತವಾದ 6 ತಿಂಗಳೊಳಗೆ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಡಿಕ್ಕಿ ಹೊಡೆದ ವಾಹನ ಪತ್ತೆಯಾಗದಿದ್ದರೂ, 2022ರ ಏಪ್ರಿಲ್ 1ರಿಂದ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿ ಪರಿಹಾರವಿದೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಕಾನೂನಿನ ರಕ್ಷಣೆ ಇದೆ, ಹೆಸರು ಹೇಳಲೇಬೇಕೆಂಬ ಒತ್ತಾಯವೂ ಇಲ್ಲ.

ಸಂಘದ ಕಾರ್ಯದರ್ಶಿಗಳಲ್ಲಿ ಒಂದು ವಿನಂತಿ: ಸದಸ್ಯರೊಬ್ಬರು ಹೀಗೆ ಮನೆಯಲ್ಲಿ ಉಳಿದರೆ ಅವರ ಹಾಲನ್ನು ಯಾರು ತರುತ್ತಾರೆಂದು ಆ ದಿನವೇ ಗೊತ್ತು ಮಾಡಿ. ಹಾಲು ಅವರ ಹೆಸರಿನಲ್ಲೇ ಬರುತ್ತಿದ್ದರೆ ಅವರೂ ಹಿಂದೆಯೇ ಬರುತ್ತಾರೆ.

ಸಂಜೆ ಹಾಲು ಒಯ್ಯುವವರು ಸೈಕಲ್ಲಿನ ಹಿಂದೆ ಕೆಂಪು ದೀಪ ಹಾಕಿ. ಕ್ಯಾನು ಕಟ್ಟಿದಾಗ ಹಿಂದಿನ ರಿಫ್ಲೆಕ್ಟರ್ ಮುಚ್ಚಿಹೋಗುತ್ತದೆ, ಆದ್ದರಿಂದ ಹೊಳೆಯುವ ಪಟ್ಟಿಯೊಂದನ್ನು ಕ್ಯಾನಿನ ಹೊರಮೈಗೂ ಅಂಟಿಸಿ. ಮುಚ್ಚಳಕ್ಕೆ ಬೇಡ, ತೊಳೆಯುವಾಗ ಕಿತ್ತು ಬಂದು ಹಾಲಿಗೆ ಬಿದ್ದೀತು.